'ಗ್ರಾಂ ನೆಗೆಟಿವ್' ಎಂಬುದಕ್ಕೆ 'ಋಣಾತ್ಮಕ' ಸರಿಯೇ?

ಬ್ಯಾಕ್ಟೀರಿಯಾಗಳ ವರ್ಗೀಕರಣದ ಬಗ್ಗೆ ಸಾಮಾನ್ಯ ಓದುಗರಿಗಾಗಿ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. 'ಗ್ರಾಂ ನೆಗೆಟಿವ್' ಎಂಬಲ್ಲಿಗೆ ಬಂದು ಕೈ ನಿಂತಿದೆ. 'ಗ್ರಾಂ ಋಣಾತ್ಮಕ' ಎಂದು ಬರೆಯುವ ರೂಢಿಯಿದೆ. ಆದರೆ ಇಲ್ಲಿ ಗ್ರಾಂ ಎಂಬುದು ತೂಕವಲ್ಲ, ಋಣವೆಂಬುದು ವಿದ್ಯುತ್ತಿನದೂ ಅಲ್ಲ, ಲೆಕ್ಕದ್ದೂ ಅಲ್ಲ. ಇಂಗ್ಲಿಷ್ ಪದವನ್ನೇ ಉಳಿಸಿಕೊಂಡರೂ ತೊಡಕು ತಪ್ಪುವುದಿಲ್ಲ. ಮೂತ್ರದ ಕಲ್ಚರ್ ವರದಿಯಲ್ಲಿ 'ಗ್ರಾಂ ನೆಗೆಟಿವ್ ಬ್ಯಾಸಿಲೈ' (ಬ್ಯಾಸಿಲೈ ಎಂದರೆ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು) ಎಂದಿದ್ದುದನ್ನು ಓದಿ, 'ಸದ್ಯ, ನೆಗೆಟಿವ್ ಬಂತು' ಎಂದು ಪರಿಚಿತರೊಬ್ಬರು ನಿಟ್ಟುಸಿರು ಬಿಟ್ಟಿದ್ದರು. ವರದಿ ಹೇಳುತ್ತಿದ್ದುದು ಅದಕ್ಕೆ ತೀರಾ ವಿರುದ್ಧವಾದದ್ದನ್ನು: ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿವೆ ಎಂದು.

ಗ್ರಾಂ ಎಂಬ ಹೆಸರು ಬಂದದ್ದು ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅವರಿಂದ. 1884ರಲ್ಲಿ ಅವರು ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ನೋಡುವ ಈ ವಿಧಾನವನ್ನು ಪ್ರಕಟಿಸಿದರು. ಸ್ಲೈಡಿಗೆ ಮೊದಲು ನೇರಳೆ ಬಣ್ಣ, ಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯುವುದು. ದಪ್ಪ ಕೋಶಭಿತ್ತಿಯವು ನೇರಳೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ತೆಳುಭಿತ್ತಿಯ ಮೇಲೆ ಕೊಬ್ಬಿನಂಶದ ಹೊರಪೊರೆ ಇರುವವು ಬಿಟ್ಟುಕೊಡುತ್ತವೆ; ಇವೇ ಗ್ರಾಂ ನೆಗೆಟಿವ್. ಕೊನೆಯಲ್ಲಿ ಹಾಕುವ ಸಫ್ರಾನಿನ್ ಎಂಬ ಕೆಂಪು ಬಣ್ಣ ತಗುಲಿ ಗುಲಾಬಿಯಾಗಿ ಕಾಣುತ್ತವೆ. ಹಾಗಾಗಿ 'ಬಣ್ಣ ಹಿಡಿಯದ' ಎಂದರೂ ತಪ್ಪಾಗುತ್ತದೆ. ಅವು ಹಿಡಿಯುತ್ತವೆ, ತೊಳೆದಾಗ ಬಿಡುತ್ತವೆ. ಬಣ್ಣ ಬಿಡುವ ಬಟ್ಟೆ ಎನ್ನುತ್ತೇವಲ್ಲ, ಅದೇ ಮಾತು ಇಲ್ಲಿ ಅಚ್ಚುಕಟ್ಟಾಗಿ ಒಪ್ಪುತ್ತದೆ. 'ಗ್ರಾಮ್‌-ಬಣ್ಣ ಬಿಡುವ ಬ್ಯಾಕ್ಟೀರಿಯಾ' ಎಂದು ಬರೆಯಲೇ? ತೂಕದ ಗೊಂದಲ ತಪ್ಪಲೆಂದು ಸೊನ್ನೆಯ ಬದಲು 'ಮ್' ಬಳಸಿದ್ದೇನೆ.

ಆಕಾರದ ಹೆಸರುಗಳಲ್ಲಿ 'ದಂಡಾಣು' ನನಗೆ ಪೂರ್ತಿ ಒಪ್ಪಿಗೆ. ಬ್ಯಾಸಿಲಸ್ ಎಂಬುದು ಕಡ್ಡಿಯಾಕಾರಕ್ಕೂ ಹೆಸರು, ಬ್ಯಾಕ್ಟೀರಿಯಾಗಳ ಒಂದು ಕುಲಕ್ಕೂ (ಜೀನಸ್) ಹೆಸರು. ಆಂಥ್ರಾಕ್ಸ್ ತರುವ ಆ ಕುಲದ ಜೀವಿ ಬಣ್ಣ ಬಿಡುವ ಗುಂಪಿನದೇ ಅಲ್ಲ. ದಂಡಾಣು ಎಂದರೆ ಈ ಜಗಳವಿಲ್ಲ. ಗೊನೋರಿಯಾ ತರುವ, ಚಪ್ಪಟೆ ಬದಿಗಳನ್ನು ಎದುರುಬದುರಾಗಿಸಿ ಜೋಡಿಯಾಗಿ ಕೂರುವ ದುಂಡನೆಯವಕ್ಕೆ 'ಗುಂಡಾಣು' ಎಂದಿದ್ದೇನೆ.

ಈ ಗುಂಪಿನವು ತರುವ ಕಾಯಿಲೆಗಳ ಹೆಸರಲ್ಲಿ ನಾಯಿಕೆಮ್ಮು, ವಿಷಮಶೀತ ಜ್ವರ, ಪ್ಲೇಗು ಇವು ಹಾಗೆಯೇ ಇರಲಿ. ಕಾಲರಾಕ್ಕೆ 'ವಾಂತಿಭೇದಿ' ಮಾತ್ರ ಬೇಡವೆನಿಸುತ್ತದೆ. ವಾಂತಿಭೇದಿ ಒಂದು ಲಕ್ಷಣ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದಲೂ ಆಗುತ್ತದೆ, ವೈರಸ್‌ನಿಂದಲೂ ಆಗುತ್ತದೆ. ಕಾಲರಾ ಎಂದರೆ ಅಲ್ಪವಿರಾಮದಂತೆ ಬಾಗಿದ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಒಂದರಿಂದಲೇ.

ಇನ್ನೊಂದು ಸಂಗತಿ. ಇಡೀ ಗುಂಪಿಗೆ 'ರೋಗಾಣುಗಳು' ಎಂದು ತಲೆಬರಹ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಇದೇ ಗುಂಪಿನ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಬಹುಪಾಲು ತಳಿಗಳು ಕರುಳಿನಲ್ಲಿ ತಣ್ಣಗೆ ಬಾಳುತ್ತವೆ, ಮೂತ್ರನಾಳದಂಥ ಬೇರೆ ಜಾಗ ಹೊಕ್ಕಾಗ ಸೋಂಕು. ಅಲ್ಲಿ ನಿರಪಾಯ, ಇಲ್ಲಿ ಅಪಾಯ ಎನ್ನುವಂಥದ್ದಕ್ಕೆ 'ಅವಕಾಶವಾದಿ' ಎಂಬ ಪದ ಚಾಲ್ತಿಯಲ್ಲಿದೆ. ಅದರಲ್ಲಿ ಬೈಗುಳದ ವಾಸನೆ ಇದೆ. 'ಸಮಯಸಾಧಕ' ಎಂದರೂ ಅಷ್ಟೇ. ಗುಣದೋಷ ಹೊರಿಸದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.