ಅಪ್‌ಡೇಟ್: ನನ್ನ ಮನಿ ಪ್ಲಾಂಟ್‌ಗೆ ಮತ್ತೆ ಬಿಳಿ ಬಂತು

2 ತಿಂಗಳ ಹಿಂದೆ ಕೇಳಿದ್ದೆನಲ್ಲ, ಮಾರ್ಬಲ್ ಕ್ವೀನ್ (ಎಲೆಯಲ್ಲಿ ಬಿಳಿ ಮಚ್ಚೆ ಇರುವ ತಳಿ) ಮನಿ ಪ್ಲಾಂಟ್‌ನ ಹೊಸ ಎಲೆಗಳೆಲ್ಲ ಬರೀ ಹಸಿರಾಗುತ್ತಿವೆ, ಗೊಬ್ಬರ ಸಾಲುತ್ತಿಲ್ಲವಾ ಅಂತ. ಗೊಬ್ಬರ ಅಲ್ಲ, ಬೆಳಕು ಸಾಲದಾಗಿತ್ತು. ಬಿಳಿ ಭಾಗದಲ್ಲಿ ಪತ್ರಹರಿತ್ತು (ಬೆಳಕಿನಿಂದ ಆಹಾರ ತಯಾರಿಸುವ ಹಸಿರು ವಸ್ತು) ತೀರಾ ಕಡಿಮೆ, ಹಾಗಾಗಿ ಬೆಳಕು ಸಾಲದಿದ್ದರೆ ಗಿಡ ಹಸಿರು ಎಲೆಗಳನ್ನೇ ಬಿಡುತ್ತದೆ. ಟಿವಿ ಪಕ್ಕದ ಕತ್ತಲೆ ಮೂಲೆಯಲ್ಲಿ ಗಿಡ ಪಾಪ ಇನ್ನೇನು ಮಾಡೀತು?

ನೀವು ಹೇಳಿದ ಹಾಗೆ, ಬಿಳಿ ಮಚ್ಚೆಯ ಕೊನೇ ಎಲೆ ಇದ್ದ ಗೆಣ್ಣಿನವರೆಗೆ ಬಳ್ಳಿ ಕತ್ತರಿಸಿ, ಕುಂಡವನ್ನು ಪೂರ್ವದ ಕಿಟಕಿಗೆ ತಂದೆ. ಆಮೇಲೆ ಬಂದ 4 ಎಲೆಗಳಲ್ಲಿ ಮೂರಕ್ಕೆ ಬಿಳಿ ಇದೆ! ನಡುವೆ ಜಾಸ್ತಿ ಉತ್ಸಾಹದಲ್ಲಿ ಬಾಲ್ಕನಿಯ ಮಧ್ಯಾಹ್ನದ ಬಿಸಿಲಿಗೂ ಇಟ್ಟಿದ್ದೆ. ಬಿಳಿ ಭಾಗವೇ ಮೊದಲು ಸುಟ್ಟಿತು.

ಕತ್ತರಿಸಿದ ಹಸಿರು ತುಂಡುಗಳು ನೀರಿನ ಬಾಟಲಿಯಲ್ಲಿ ಬೇರು ಬಿಟ್ಟಿವೆ. ನಮ್ಮತ್ತೆಗೆ ಅವೇ ಚೆಂದವಂತೆ.