ಸಹಾಯ ಬೇಕು: ನಾಣ್ಯದ ಅಂಚಿನ ಈ ಕಚ್ಚು ಟಂಕಸಾಲೆಯದೋ, ಆಮೇಲಿನದೋ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹಳೆಯ ತಾಮ್ರದ ನಾಣ್ಯ ಇದೆ, ತುಂಬಾ ಸವೆದಿದೆ. ಅಂಚಿನಲ್ಲಿ ಒಂದು ಕಡೆ ಅರ್ಧಚಂದ್ರದ ಆಕಾರದಲ್ಲಿ ಲೋಹವೇ ಇಲ್ಲ. ಇದು ಕ್ಲಿಪ್ ಎರರ್ ಇರಬಹುದು ಅನ್ನೋ ಆಸೆ ನನಗೆ. ಅಂದರೆ ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಪಂಚ್ ಹಿಂದಿನ ತೂತಿನ ಮೇಲೆ ಸ್ವಲ್ಪ ಬಿದ್ದಿರುವುದು. ಆದರೆ ಯಾರಾದರೂ ಆಮೇಲೆ ಅರದಿಂದ ಉಜ್ಜಿರಲೂಬಹುದು, ಅಲ್ವಾ?

ತೂಕ ಕಡಿಮೆ ಇದೆ. ಎರಡರಲ್ಲೂ ಅದು ಕಡಿಮೆಯಾಗುತ್ತದೆ, ಹಾಗಾಗಿ ಏನೂ ಗೊತ್ತಾಗಲಿಲ್ಲ. 10 ಪಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಕಚ್ಚಿನೊಳಗೆ ಅರದ ಗೆರೆಗಳು ಕಾಣಲಿಲ್ಲ, ಬಣ್ಣವೂ ಉಳಿದ ಭಾಗದಷ್ಟೇ ಕಪ್ಪು. ಆದರೆ ಹಳೆಯ ಗಾಯವೂ ಹೀಗೇ ಕಪ್ಪಾಗುತ್ತದೆ. ಇರುವ ಗುರುತೂ ಅಳಿಸಿಹೋಗಬಾರದು ಅಂತ ನಾಣ್ಯವನ್ನು ತೊಳೆದಿಲ್ಲ.

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ನಿಜವಾದ ಕ್ಲಿಪ್ ಆದರೆ ಅದರ ಎದುರು ಬದಿಯ ಅಂಚು ಸಾಮಾನ್ಯವಾಗಿ ಸರಿಯಾಗಿ ಎದ್ದಿರುವುದಿಲ್ಲ. ಅಂಚು ಎಬ್ಬಿಸುವ ಯಂತ್ರದಲ್ಲಿ ಕಚ್ಚಿನ ಕಡೆ ಒತ್ತಡ ಸಿಗದಿದ್ದರೆ ಎದುರು ಕಡೆಯೂ ಸಿಗುವುದಿಲ್ಲ. ಇದಕ್ಕೆ ಬ್ಲೇಕ್ಸ್‌ಲಿ ಎಫೆಕ್ಟ್ ಅನ್ನುತ್ತಾರೆ. ನನ್ನ ನಾಣ್ಯದಲ್ಲಿ ಎದುರು ಬದಿ ಚಪ್ಪಟೆಯಾಗಿದೆ, ನಿಜ. ಆದರೆ ಇನ್ನೂ ಎರಡು ಕಡೆ ಸವೆದು ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಕಚ್ಚಿನ ಪಕ್ಕದ ಒಂದು ಅಕ್ಷರ ಅದರ ಕಡೆಗೆ ಎಳೆದಂತಿದೆ. ಇನ್ನೊಂದು ಕೊಯ್ದ ಹಾಗೆ ಅಲ್ಲೇ ನಿಂತಿದೆ. ಮೊದಲನೆಯದು ಕ್ಲಿಪ್ ಅನ್ನುವಂತಿದೆ, ಎರಡನೆಯದು ಆಮೇಲೆ ಉಜ್ಜಿದ್ದು ಅನ್ನುವಂತಿದೆ. ಎರಡು ರಾತ್ರಿ ಇದನ್ನೇ ನೋಡುತ್ತಾ ಕೂತಿದ್ದೇನೆ.

ಇಷ್ಟು ಸವೆದ ನಾಣ್ಯದಲ್ಲಿ ಯಾವುದನ್ನು ಜಾಸ್ತಿ ನಂಬಬೇಕು, ಎದುರು ಅಂಚನ್ನೋ, ಎಳೆದಂತಿರುವ ಅಕ್ಷರವನ್ನೋ? ಸವೆದು ಚಪ್ಪಟೆಯಾದ ಅಂಚಿಗೂ ಮೊದಲಿನಿಂದಲೇ ಏಳದ ಅಂಚಿಗೂ ವ್ಯತ್ಯಾಸ ಹೇಗೆ ಗುರುತಿಸುತ್ತೀರಿ?