ಕೇಸ್ ಸ್ಟಡಿಗೆ ಯಾವ ಆನ್‌ಲೈನ್ ಅಂಗಡಿ ತಗೊಳ್ಳಲಿ? ಫ್ಲಿಪ್‌ಕಾರ್ಟ್ ಆಗಲೇ ಏಳು ಜನ ಹಿಡಿದಿದ್ದಾರೆ

ಕಡೂರು ಬಿಕಾಂ:
ಎಲ್ಲರಿಗೂ ನಮಸ್ಕಾರ. ಬಿಕಾಂ ಕೊನೇ ವರ್ಷ, ಕಡೂರಿಂದ ದಿನಾ ಚಿಕ್ಕಮಗಳೂರಿಗೆ ಬಸ್ಸಲ್ಲಿ ಓಡಾಡ್ತೀನಿ. ಪ್ರಾಜೆಕ್ಟಿಗೆ ಒಂದು ಆನ್‌ಲೈನ್ ಮಾರಾಟ ಕಂಪನಿ ಆರಿಸ್ಕೊಂಡು ನಲವತ್ತು ಪುಟ ಬರೀಬೇಕು. ನಮ್ಮ ಕ್ಲಾಸಲ್ಲಿ ಏಳು ಜನ ಫ್ಲಿಪ್‌ಕಾರ್ಟ್, ಐದು ಜನ ಅಮೆಜಾನ್. ಅದೇ ತಗೊಂಡ್ರೂ ಸರ್ ಬೇಡ ಅನ್ನಲ್ಲ, ಆದ್ರೆ ‘ನೆಟ್ಟಿಂದ ಇಳಿಸಿದ್ದು ಅಂತ ಗೊತ್ತಾದ್ರೆ ವೈವಾದಲ್ಲಿ ನೋಡ್ಕೋತೀನಿ’ ಅಂದಿದ್ದಾರೆ. ಇನ್ನು ಎರಡೇ ತಿಂಗಳು. ಮಾಹಿತಿ ಸುಲಭಕ್ಕೆ ಸಿಗೋ ಕಂಪನಿ ಯಾವುದು ಹೇಳಿ ಪ್ಲೀಸ್.

ಬೇಲೂರು ಹುಡುಗ:
ಫ್ಲಿಪ್‌ಕಾರ್ಟೇ ಮಾಡಿ. 2007ರಲ್ಲಿ ಬೆಂಗಳೂರಲ್ಲಿ ಪುಸ್ತಕ ಮಾರೋದರಿಂದ ಶುರು, 2010ರಲ್ಲಿ ಕ್ಯಾಶ್ ಆನ್ ಡೆಲಿವರಿ, 2014ರಲ್ಲಿ ಮಿಂತ್ರಾ ಖರೀದಿ, 2018ರಲ್ಲಿ ವಾಲ್‌ಮಾರ್ಟ್ 1600 ಕೋಟಿ ಡಾಲರ್ ಕೊಟ್ಟು ಸುಮಾರು ಶೇ 77 ಪಾಲು ತಗೊಂಡಿದ್ದು. ಇಷ್ಟನ್ನೇ ಎಳೆದ್ರೆ ಇಪ್ಪತ್ತು ಪುಟ. ನಾನು ಹಂಗೇ ಪಾಸಾಗಿದ್ದು.

ಆಲ್ದೂರು ಕಾಫಿಪುಡಿ:
ತಂಗಿ, ಮೇಲಿನವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಏಳೂ ಜನ ಅದನ್ನೇ ಬರೀತಾರೆ. ನಿಮ್ಮ ಸರ್ ಜಾಗದಲ್ಲಿ ನಾನಿದ್ದಿದ್ರೆ ಮೂರನೇದಕ್ಕೇ ತೂಕಡಿಕೆ.

ನಾನು ಓದಿದ್ದು ಪಿಯುಸಿ. ಮನೆ ತೋಟದ ಕಾಫಿ ಹುರಿದು, ಪುಡಿ ಮಾಡಿಸಿ, ನಾಲ್ಕು ವರ್ಷ ಆನ್‌ಲೈನಲ್ಲಿ ಮಾರಿದೆ. ಯಾವ ಕಂಪನಿ ಅಂತ ಕೇಳಬೇಡ, ಜಗಳ ಇನ್ನೂ ಮುಗಿದಿಲ್ಲ. ಮೊದಮೊದಲು ಅರ್ಧ ಕೆಜಿ ಪ್ಯಾಕೆಟ್ಟು ಒಡೆದು ಹೋದೀತು ಅಂತ ದೊಡ್ಡ ರಟ್ಟಿನ ಡಬ್ಬಿಗಿಟ್ಟು, ಸುತ್ತ ಹಳೇ ಪೇಪರ್ ತುರುಕಿ ಕಳಿಸ್ತಿದ್ದೆ. ತಿಂಗಳ ಲೆಕ್ಕ ಬಂದಾಗ ಎದೆ ಧಸಕ್ ಅಂತು. ಅವರು ತಕ್ಕಡಿ ಒಂದನ್ನೇ ನೋಡಲ್ಲ ಮಾರಾಯ್ತಿ. ಡಬ್ಬಿಯ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. ಅದು ನಿಜವಾದ ತೂಕಕ್ಕಿಂತ ಜಾಸ್ತಿ ಬಂದ್ರೆ ಅದಕ್ಕೇ ದುಡ್ಡು. ನನ್ನ ಡಬ್ಬಿ 30, 20, 15. ಗುಣಿಸಿದರೆ 9000, ಭಾಗಿಸಿದರೆ 1.8 ಕೆಜಿ. ಅರ್ಧ ಕೆಜಿ ಪುಡಿ ಕಳಿಸೋಕೆ ಎರಡು ಕೆಜಿ ದರ! ಒಂದು ತಿಂಗಳು ಪೂರ್ತಿ ಗಾಳಿಗೆ ಬಾಡಿಗೆ ಕಟ್ಟಿದ್ದೆ.

ಅದೇ ಹಾಳೆಯಲ್ಲಿ ‘ಆರ್‌ಟಿಒ’ ಅಂತಲೂ ದುಡ್ಡು ಮುರಿದಿದ್ರು. ನಮ್ಮ ಯಜಮಾನರು ಕೆಎ-18 ಆಫೀಸಿನ ದಂಡ ಅಂದ್ಕೊಂಡು ಬೈಕಿನ ಕಾಗದಪತ್ರ ಎಲ್ಲ ತೆಗೆದು ಹರಡಿದ್ರು. ಆಮೇಲೆ ಗೊತ್ತಾಯ್ತು, ರಿಟರ್ನ್ ಟು ಒರಿಜಿನ್ ಅಂತೆ. ಗಿರಾಕಿ ‘ಬೇಡ’ ಅಂದ, ಇಲ್ಲಾ ಫೋನೇ ಎತ್ತಲಿಲ್ಲ, ಪಾರ್ಸೆಲ್ಲು ತವರಿಗೆ ವಾಪಸ್. ನನಗೆ ಹಾಗಾಗಿದ್ದೆಲ್ಲ ಹೆಚ್ಚುಕಮ್ಮಿ ಕ್ಯಾಶ್ ಆನ್ ಡೆಲಿವರಿ ಆರ್ಡರಲ್ಲೇ. ಒಂದು ಪ್ಯಾಕೆಟ್ಟಂತೂ ಇಪ್ಪತ್ತಾರು ದಿನ ಊರೂರು ಸುತ್ತಿ ಆಷಾಢದ ಮಳೇಲಿ ಮನೆಗೆ ಬಂತು. ಘಮ ಹೋಗಿತ್ತು. ನಾವೇ ಕುಡಿದ್ವಿ.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ಈ ಹಾಳೆ ನೆಟ್ಟಲ್ಲಿ ಸಿಗಲ್ಲ. ಕಂಪನಿ ಹೆಸರು ನೋಡಿ ಆರಿಸಬೇಡ. ನಿನಗೆ ಲೆಕ್ಕ ಬಿಚ್ಚಿ ತೋರಿಸೋ ಮಾರಾಟಗಾರರು ಯಾರಿದ್ದಾರೆ ಮೊದಲು ಹುಡುಕು, ಅವರು ಯಾವುದರಲ್ಲಿ ಮಾರ್ತಾರೋ ಅದೇ ನಿನ್ನ ಕಂಪನಿ. ಕಡೂರಲ್ಲಿ ಮೀಶೋದಲ್ಲಿ ಸೀರೆ, ನೈಟಿ ಮಾರೋ ಹೆಂಗಸರು ಯಾರಾದರೂ ಇದ್ದೇ ಇರ್ತಾರೆ. ಅದು 2015ರಲ್ಲಿ ಶುರುವಾಗಿದ್ದು, ವಾಟ್ಸಾಪಲ್ಲಿ ಫೋಟೋ ಕಳಿಸಿ ಮಾರೋ ಮನೆ ಹೆಂಗಸರಿಂದಲೇ ಬೆಳೀತು. 2021ರಲ್ಲಿ ಮಾರಾಟಗಾರರಿಗೆ ಕಮಿಷನ್ನೇ ಬೇಡ ಅಂದ್ಬಿಟ್ರು. ಹಾಗಾದ್ರೆ ದುಡ್ಡು ಯಾವ ಕಡೆಯಿಂದ ಬರುತ್ತೆ? ಜಾಹೀರಾತು ಎಷ್ಟು, ಸಾಗಣೆ ಎಷ್ಟು? ಅಲ್ಲಿಂದ ಹಿಡ್ಕೋ.

ಹಾಸನ ಲೆಕ್ಕಪತ್ರ:
ನೋಡಮ್ಮ, ಪ್ರಾಜೆಕ್ಟಲ್ಲಿ ಅನುಪಾತ, ಲಾಭನಷ್ಟ ಎಲ್ಲ ಬೇಕಿದ್ರೆ ಷೇರುಪೇಟೆಯಲ್ಲಿರೋ ಕಂಪನಿ ತಗೊಳ್ಳೋದು ಕ್ಷೇಮ. ನೈಕಾ 2012ರಲ್ಲಿ ಶುರುವಾಗಿ 2021ರ ನವೆಂಬರಲ್ಲಿ ಲಿಸ್ಟ್ ಆಯ್ತು, ವಾರ್ಷಿಕ ವರದಿ ಪುಕ್ಕಟೆ ಸಿಗುತ್ತೆ. ಸೌಂದರ್ಯವರ್ಧಕಗಳನ್ನ ಬಹುಪಾಲು ತಾನೇ ಕೊಂಡು ಗೋದಾಮಲ್ಲಿಟ್ಟು ಮಾರುತ್ತೆ, ಹಾಗಾಗಿ ಸ್ಟಾಕ್ ಎಷ್ಟು ಬೇಗ ಖಾಲಿಯಾಗುತ್ತೆ ಅನ್ನೋ ಲೆಕ್ಕಕ್ಕೆ ಅರ್ಥ ಇರುತ್ತೆ. ಅಮೆಜಾನ್, ಫ್ಲಿಪ್‌ಕಾರ್ಟಿಗೆ ಆ ಲೆಕ್ಕ ಹಾಕೋಕೆ ಹೋದ್ರೆ ವೈವಾದಲ್ಲಿ ಸಿಕ್ಕಿಬೀಳ್ತೀಯ. ವಿದೇಶಿ ಬಂಡವಾಳದ ಆನ್‌ಲೈನ್ ಕಂಪನಿ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸರಕು ತಾನೇ ಇಟ್ಕೊಂಡು ಗ್ರಾಹಕರಿಗೆ ಮಾರೋ ಹಾಗಿಲ್ಲ, ಬೇರೆಯವರ ಸರಕಿಗೆ ಸಂತೆಕಟ್ಟೆ ಒದಗಿಸಬಹುದು ಅಷ್ಟೆ. 2019ರ ಫೆಬ್ರವರಿಯಿಂದ ಆ ನಿಯಮ ಇನ್ನೂ ಬಿಗಿಯಾಯ್ತು.

ಕಡೂರು ಬಿಕಾಂ:
ಅಕ್ಕಾ, ಆರ್‌ಟಿಒ ಓದಿ ಬಸ್ಸಲ್ಲೇ ನಗು ಬಂತು. ನಮ್ಮ ಅತ್ತಿಗೆ ಮೀಶೋದಲ್ಲಿ ನೈಟಿ ಮಾರ್ತಾರೆ! ಒಂದೇ ಮನೇಲಿದ್ದೂ ನನಗೆ ಹೊಳೆದಿರಲಿಲ್ಲ. ಆದ್ರೆ ದುಡ್ಡಿನ ವಿಷಯ ಕೇಳಿದ್ರೆ ಅಣ್ಣನಿಗೇ ಬಾಯಿ ಬಿಡಲ್ಲ, ನನಗೆ ಹೇಳ್ತಾರಾ? ಹಾಸನದ ಸರ್, ನೈಕಾದ್ದು ನನ್ನ ಫ್ರೆಂಡಿಗೆ ಹೇಳ್ತೀನಿ, ಅವಳಿಗೆ ಅನುಪಾತ ಅಂದ್ರೆ ಇಷ್ಟ.

ಆಲ್ದೂರು ಕಾಫಿಪುಡಿ:
ಲಾಭ ಎಷ್ಟು ಅಂತ ಕೇಳಲೇಬೇಡ, ಯಾರೂ ಹೇಳಲ್ಲ. ‘ವಾಪಸ್ ಬಂದಿದ್ದು ಎಷ್ಟು’ ಅಂತ ಕೇಳು. ಆ ಸಂಕಟ ಹೇಳ್ಕೊಳ್ಳೋಕೆ ನಾವು ಮಾರೋರು ಜನ ಹುಡುಕ್ತಾ ಇರ್ತೀವಿ. ಜೊತೆಗೆ ಕೂತು ಒಂದು ವಾರ ಪ್ಯಾಕ್ ಮಾಡಿಕೊಡು, ಹಾಳೆ ತಾನಾಗೇ ಹೊರಗೆ ಬರುತ್ತೆ.

ಖರ್ಚಿಲ್ಲದ ಇನ್ನೊಂದು ಕೆಲಸ. ಒಂದೇ ನೈಟಿ ನೋಡ್ತಾ ಪಿನ್‌ಕೋಡ್ ಬದಲಾಯಿಸು. ಒಮ್ಮೆ ಚಿಕ್ಕಮಗಳೂರಿನ 577101, ಒಮ್ಮೆ ನಿಮ್ಮ ಕಡೂರಿನದು, ಒಮ್ಮೆ ಕಳಸದ್ದು. ಯಾವ ತಾರೀಕಿಗೆ ತಲುಪುತ್ತೆ, ಕ್ಯಾಶ್ ಆನ್ ಡೆಲಿವರಿ ಇದೆಯಾ ಬರ್ಕೋ. ಹದಿನೈದು ದಿನ, ಹೊತ್ತು ತಪ್ಪಿಸದೆ. ಕಳಸದ ಕಡೆ ಡೆಲಿವರಿ ಹುಡುಗ ಎಸ್ಟೇಟ್ ಒಳಗೆ ಬರ್ತಾನಾ, ಇಲ್ಲ ರೋಡಿನ ಅಂಗಡೀಲಿ ಇಟ್ಟು ಫೋನ್ ಮಾಡ್ತಾನಾ ಅಂತ ಅಲ್ಲಿನವರೊಬ್ಬರನ್ನ ವಿಚಾರಿಸು.

ನನ್ನ ಹಳೇ ಲೆಕ್ಕದ ಹಾಳೆಯೂ ಬೇಕಿದ್ರೆ ಕಂಪನಿ ಹೆಸರಿನ ಮೇಲೆ ಪಟ್ಟಿ ಅಂಟಿಸಿ ಕೊಡ್ತೀನಿ. ಆಲ್ದೂರಿಗೆ ಬಾ. ಬುಧವಾರ ಬೇಡ, ಹುರಿಯೋ ದಿನ, ಮಾತಾಡೋಕೆ ಪುರುಸೊತ್ತಿರಲ್ಲ.